ಅರಗು ಒಡೆದ ಲಕೋಟೆ

ಕಂತು ಹನ್ನೊಂದು

"ಇದೇನಾ ಆ ಕವರ್?"

ಸಬ್ ಇನ್‌ಸ್ಪೆಕ್ಟರ್ ವೇದಾವತಿ ಕೇಳಿದ್ದು ಇಷ್ಟೇ. ಭೀಮೇಶ ಲಕೋಟೆಯನ್ನು ತಿರುಗಿಸಿ ಬೆನ್ನು ನೋಡಿದ.

ಈಗಷ್ಟೇ ಟ್ರಂಕಿನ ತಳದಿಂದ, ಅವ್ವನ ಧಾರೆಸೀರೆಯ ಮಡಿಕೆಯೊಳಗಿಂದ ಅವನೇ ಕೈಯಾರೆ ತೆಗೆದ ಲಕೋಟೆ ಅದು. ಖಾಕಿ ಬಣ್ಣದ್ದು. ಬೆನ್ನಿಗೆ ಐದು ಕಡೆ ಕೆಂಪು ಅರಗಿನ ಮುದ್ರೆ ಹಾಕಿದ್ದ. ಆ ಐದರಲ್ಲಿ ಈಗ ಒಂದೂ ನೆಟ್ಟಗಿರಲಿಲ್ಲ. ಯಾರೋ ಚಾಕುವಿನ ತುದಿಯಿಂದ ಮುಚ್ಚಳ ಎಬ್ಬಿಸಿ, ಆಮೇಲೆ ಅನ್ನದ ಅಗುಳು ಹಚ್ಚಿ ಅಂಟಿಸಿದ್ದರು.

ಹೆಡ್ ಕಾನ್‌ಸ್ಟೇಬಲ್ ಜಟ್ಟಪ್ಪ ಬಗ್ಗಿ ನೋಡಿದ. "ಕುಂಕುಮ ಬೇರೆ ಮೆತ್ತಿದೆ ಮೇಡಂ."

ಚಿತ್ರಕಥೆ ಬರೆಯಲು ಕಲಿಸುತ್ತಿದ್ದ ಸುಬ್ಬಪ್ಪ ಮೇಷ್ಟ್ರ ಹೆಣ ಭದ್ರಾ ನಾಲೆಯಲ್ಲಿ ಸಿಕ್ಕಿ ಇವತ್ತಿಗೆ ಆರು ದಿನ. ಆ ಆರೂ ದಿನ ಭೀಮೇಶ ಜೀವ ಹಿಡಿದುಕೊಂಡಿದ್ದು ಇದೊಂದು ಲಕೋಟೆಯ ಆಸೆಯಲ್ಲಿ.

ಅವನು ಗೋಡೆ ಹಿಡಿದುಕೊಂಡು ನಿಂತ. ಕಾರ್ಖಾನೆಯಲ್ಲಿ ನಲವತ್ತು ಅಡಿ ಎತ್ತರದ ಕ್ರೇನಿನ ಗೂಡಿನೊಳಗೆ ಹದಿನಾರು ವರ್ಷ ಕೂತವನು, ಒಂದು ದಿನವೂ ತಲೆ ಸುತ್ತಿದ್ದಿಲ್ಲ. ಇವತ್ತು ಭದ್ರಾವತಿಯ ತನ್ನದೇ ಕ್ವಾರ್ಟರ್ಸಿನ ನಡುಮನೆಯಲ್ಲಿ, ನೆಲದ ಮೇಲೆ ನಿಂತಲ್ಲೇ ತಲೆ ಸುತ್ತಿತು.

"ಯಾರು ಒಡೆದಿದ್ದು?" ವೇದಾವತಿ ದನಿ ಎತ್ತಲಿಲ್ಲ. ಆ ಹೆಂಗಸು ದನಿ ಎತ್ತುವುದೇ ಇಲ್ಲ, ಅದೇ ಒಂದು ಭಯ.

"ಗೊತ್ತಿಲ್ಲ ಮೇಡಂ. ದೇವ್ರಾಣೆ ಗೊತ್ತಿಲ್ಲ. ನಾನು ಮುಟ್ಟೇ ಇಲ್ಲ."

ಕಿಟಕಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಿಂದ ಒಂದು ಸಣ್ಣ ನಗು ಬಂತು. ಶಿವಮೊಗ್ಗದಲ್ಲಿ ಕೇಬಲ್ ಟೀವಿ ನಡೆಸುವ ಧರ್ಮೇಂದ್ರ. ಕಾಲ ಮೇಲೆ ಕಾಲು ಹಾಕಿ, ಹೊಸ ಮೊಬೈಲನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತಿದ್ದ. ಲಕೋಟೆ ತೆಗೆಯುವಾಗ ಎದುರು ಪಾರ್ಟಿಯೂ ಕಣ್ಣಾರೆ ನೋಡಲಿ ಎಂದು ವೇದಾವತಿಯೇ ಅವನನ್ನು ಜೀಪಿನಲ್ಲಿ ಕರೆತಂದಿದ್ದಳು.

"ನಾನು ಮೊದ್ಲೇ ಹೇಳ್ಲಿಲ್ವಾ ಮೇಡಂ? ಇದೆಲ್ಲ ಭೀಮಣ್ಣನ ನಾಟಕ."

"ನೀವು ಸ್ವಲ್ಪ ಸುಮ್ನಿರಿ," ಎಂದಳು ವೇದಾವತಿ.

ಈ ಲಕೋಟೆಗೆ ಯಾಕಿಷ್ಟು ಮಹತ್ವ ಅಂತೀರಾ? ಅದಕ್ಕೆ ಶಿವಮೊಗ್ಗದ ದುರ್ಗಿಗುಡಿಯ ಆ ಮಹಡಿಯನ್ನೊಮ್ಮೆ ಹತ್ತಿ ಬರಬೇಕು.

ಕೆಳಗೆ ಟೈಪಿಂಗ್ ಇನ್‌ಸ್ಟಿಟ್ಯೂಟು, ಮೇಲೆ ಸುಬ್ಬಪ್ಪ ಮೇಷ್ಟ್ರ ತರಗತಿ. ಬಾಗಿಲ ಮೇಲೆ ಕೈಯಲ್ಲಿ ಬರೆದ ಬೋರ್ಡು: 'ಮಾರಾಟವಾಗುವ ಚಿತ್ರಕಥೆ ಬರೆಯಲು ಕಲಿಯಿರಿ.' ಗಾಂಧಿನಗರದಲ್ಲಿ ಹನ್ನೆರಡು ವರ್ಷ ಅವರಿವರ ಕೈಕೆಳಗೆ ಸೀನು ಬರೆದು, ತೆರೆಯ ಮೇಲೆ ಒಂದು ಸಲವೂ ತನ್ನ ಹೆಸರು ಕಾಣದೆ, ಊರಿಗೆ ವಾಪಸಾದ ಮನುಷ್ಯ. ಭಾನುವಾರ ಭಾನುವಾರ ಪಾಠ. ಹನ್ನೊಂದು ಜನ ಶಿಷ್ಯರು. ಭೀಮೇಶ ಶಿಫ್ಟು ಅದಲುಬದಲು ಮಾಡಿಕೊಂಡು, ಫೋರ್‌ಮನ್ನಿನ ಬಾಯಲ್ಲಿ ಬೈಸಿಕೊಂಡು, ಒಂದೂವರೆ ವರ್ಷ ಒಂದು ವಾರವೂ ತಪ್ಪಿಸದೆ ಬಸ್ಸು ಹತ್ತಿದ್ದ.

"ಹಾಳೆ ಮಧ್ಯ ಗೀಟು ಹಾಕ್ರೋ," ಎನ್ನುತ್ತಿದ್ದರು ಮೇಷ್ಟ್ರು. "ಎಡಗಡೆ ಕಣ್ಣಿಗೆ ಕಾಣೋದು, ಬಲಗಡೆ ಕಿವಿಗೆ ಕೇಳೋದು. ಮನಸ್ಸಲ್ಲಿ ಅಂದ್ಕೊಂಡ, ಒಳಗೊಳಗೇ ನೊಂದ್ಕೊಂಡ, ಇವಕ್ಕೆಲ್ಲ ಈ ಹಾಳೇಲಿ ಜಾಗ ಇಲ್ಲ. ಕ್ಯಾಮೆರಾಗೆ ಮನಸ್ಸು ಕಾಣಲ್ಲ ಮಾರಾಯ."

ಇನ್ನೊಂದು ಪಾಠ: "ಇಂಟರ್ವಲ್ ಹೊತ್ತಿಗೆ ಹೀರೋಗೆ ಉಳಿದಿರೋ ಒಂದೇ ಒಂದು ಬಾಗಿಲೂ ಮುಚ್ಚಿಹೋಗ್ಬೇಕು. ಇಲ್ದಿದ್ರೆ ಟೀ ಕುಡಿಯೋಕೆ ಹೋದ ಜನ ವಾಪಸ್ ಒಳಗೆ ಬರಲ್ಲ."

ಮತ್ತೆ ಎಲ್ಲಕ್ಕಿಂತ ಮುಖ್ಯವಾದ ಪಾಠ: "ಕಥೆ ಮುಗಿದ ದಿನ ನಿಮ್ಮ ಹೆಸರಿಗೆ ನೀವೇ ರಿಜಿಸ್ಟರ್ ಪೋಸ್ಟ್ ಮಾಡ್ಕೊಳ್ಳಿ. ಪೋಸ್ಟ್‌ಮ್ಯಾನ್ ತಂದ್ಕೊಟ್ರೆ ಸಹಿ ಹಾಕಿ ಇಸ್ಕೊಂಡು ಟ್ರಂಕಿಗೆ ಹಾಕಿ. ಅಂಚೆ ಮುದ್ರೆ ತಾರೀಕೇ ನಿಮ್ಮ ಸಾಕ್ಷಿ. ಪ್ರಾಣ ಹೋದ್ರೂ ಒಡೀಬೇಡಿ. ಒಡೆಯೋದಾದ್ರೆ ಜಡ್ಜ್ ಎದುರಿಗೆ."

ಭೀಮೇಶನಿಗೆ ಮೇಷ್ಟ್ರ ಮಾತೆಂದರೆ ಮುಗಿಯಿತು. ಕ್ರೇನಿನ ಮೇಲಿಂದ ಯಾರೂ ಕಾಣದ್ದೊಂದನ್ನು ಕಾಣುವ ಕೆಲಸಗಾರನ ಕಥೆ ಬರೆದ. ಎಪ್ಪತ್ತನಾಲ್ಕು ಹಾಳೆ. ಮೇಷ್ಟ್ರು ಓದಿ, ತಮ್ಮ ಪದ್ಧತಿಯಂತೆ ಕೊನೆಯ ಹಾಳೆಯಲ್ಲಿ ಹಸಿರು ಶಾಯಿಯಿಂದ ಬರೆದರು: 'ಭೀಮೇಶ್, ಇದು ಓಡುತ್ತೆ.' ಕೆಳಗೆ ಸಹಿ, ತಾರೀಕು. ಆ ಸಹಿ ಬಿದ್ದ ಮಾರನೇ ದಿನವೇ, ಅಂದರೆ ೨೦೦೩ರ ಆಗಸ್ಟ್ ಹದಿನೆಂಟರ ಸೋಮವಾರ, ಅವನು ಅರಗು ಹಾಕಿ, ಅಂಚೆಗೆ ಕೊಟ್ಟ.

ಆಯುಧಪೂಜೆಯ ಹಿಂದಿನ ದಿನ ಪೇಪರಿನಲ್ಲಿ ಒಂದು ಸುದ್ದಿ ಬಂತು. ಶಿವಮೊಗ್ಗದ ಯುವಕನ ಕಥೆ ಸಿನಿಮಾ ಆಗುತ್ತಿದೆ, ಕ್ರೇನ್ ಚಾಲಕನ ರೋಮಾಂಚಕ ಕಥೆ, ಕಥೆ-ಚಿತ್ರಕಥೆ ಧರ್ಮೇಂದ್ರ. ಭೀಮೇಶ ಪೇಪರು ಮಡಿಚಿ ಜೇಬಿಗೆ ಹಾಕಿಕೊಂಡ. ಅವತ್ತೇ ಸಂಜೆ ಐದಕ್ಕೆ ದುರ್ಗಿಗುಡಿಯ ಮಹಡಿ ಹತ್ತಿ, ಹಬ್ಬಕ್ಕೆಂದು ಮುಂಚೆಯೇ ಇಟ್ಟಿದ್ದ ತರಗತಿಯಲ್ಲಿ ಉಳಿದ ಹತ್ತು ಜನರ ಎದುರಿಗೆ ಮೇಷ್ಟ್ರ ಕೊರಳಪಟ್ಟಿ ಹಿಡಿದ. ನನ್ನ ಕಥೆ ಆ ಧರ್ಮೇಂದ್ರನಿಗೆ ಹೇಗೆ ಸಿಕ್ತು ಎಂದು ಅತ್ತ. ನಿಮ್ಮನ್ನ ಸುಮ್ನೆ ಬಿಡಲ್ಲ ಎಂದೂ ಅಂದ. ಅಂದಿದ್ದು ನಿಜ, ಅವನೇ ಒಪ್ಪಿಕೊಂಡಿದ್ದಾನೆ.

ಅಷ್ಟೇ. ಅಲ್ಲಿಂದ ಆಚೆಗೆ ಮೇಷ್ಟ್ರನ್ನು ಕಂಡವರೇ ಇಲ್ಲ. ಮೂರನೇ ದಿನ ನಾಲೆಯಲ್ಲಿ ಹೆಣ ತೇಲಿತು. ತಲೆಯ ಹಿಂಭಾಗಕ್ಕೆ ಪೆಟ್ಟು. ಬರಿಗಾಲು. ಚಪ್ಪಲಿಗಾಗಿ ಜಟ್ಟಪ್ಪ ಎರಡು ದಿನ ನಾಲೆಯ ಏರಿ ಮೇಲೆ ಪೊದೆ ಪೊದೆ ತಡಕಿದ್ದ, ಸಿಕ್ಕಿರಲಿಲ್ಲ. ನೀರಿನಲ್ಲಿ ಬಿದ್ದ ಹೆಣಕ್ಕೆ ಗಂಟೆ ಹೇಳಲಾಗದು ಎಂದು ಡಾಕ್ಟರು ಕೈ ಚೆಲ್ಲಿದ್ದರು. ಹಾಗಾಗಿ ಜಗಳವಾಡಿದ ರಾತ್ರಿಯೇ ಸತ್ತಿರಬೇಕು ಎಂಬ ಲೆಕ್ಕಾಚಾರ. ಆ ರಾತ್ರಿ ಭೀಮೇಶ ಹುಚ್ಚನ ಹಾಗೆ ಹೊಳೆ ದಂಡೆಯಲ್ಲಿ ಅಲೆದು ಹನ್ನೊಂದಕ್ಕೆ ಮನೆ ಸೇರಿದ್ದ. ಅಲೆದಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುತ್ತಾನೆ, ಪಾಪ!

ಕಥೆ ಮೊದಲಿಂದಲೂ ನಂದೇ, ಭೀಮಣ್ಣ ಕದ್ದು ಸಿಕ್ಕಿಬಿದ್ದು ಮೇಷ್ಟ್ರ ಮೇಲೆ ಹಗೆ ಸಾಧಿಸಿದ ಎಂದು ಧರ್ಮೇಂದ್ರ ಹೇಳಿಕೆ ಕೊಟ್ಟಿದ್ದ. ಲಕೋಟೆಯೊಂದೇ ಅದನ್ನು ಸುಳ್ಳು ಮಾಡಬಹುದಿತ್ತು. ಜಡ್ಜ್ ಎದುರಿಗೇ ಒಡೆಯಬೇಕೆಂದು ಐದು ದಿನ ಹಟ ಹಿಡಿದ ಭೀಮೇಶ, ತನ್ನ ಅರೆಸ್ಟ್ ಖಚಿತ ಎಂದು ತಿಳಿದ ಮೇಲೆ ನಿನ್ನೆಯಷ್ಟೇ ಅದರ ವಿಷಯ ಬಾಯಿಬಿಟ್ಟಿದ್ದ.

ಈಗ ನೋಡಿದರೆ ಹೀಗಾಗಿದೆ.

"ಪೋಸ್ಟ್ ರಸೀದಿ ಇದೆಯಾ?" ವೇದಾವತಿ ಕೇಳಿದಳು.

ಭೀಮೇಶ ಕ್ಯಾಲೆಂಡರಿನ ಹಿಂದೆ ಮೊಳೆಗೆ ಚುಚ್ಚಿಟ್ಟಿದ್ದ ರಸೀದಿ ತಂದುಕೊಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದಳು.

"ತೂಕ ಮುನ್ನೂರ ತೊಂಬತ್ತು ಗ್ರಾಂ. ಜಟ್ಟಪ್ಪ, ಬೀದೀಲಿ ತರಕಾರಿ ಗಾಡಿ ನಿಂತಿತ್ತಲ್ಲ? ಆ ತಕ್ಕಡಿ ಎತ್ಕೊಂಡ್ಬನ್ನಿ."

ಹೊರಗಿನಿಂದ ತಮಿಳು ಗಾಡಿಯವಳ ಕೂಗು ಕೇಳಿತು. "ಎಂಗ ಸಾರ್, ಎಲ್ಲಿಗೆ ಎತ್ಕೊಂಡು ಹೋಗ್ತೀರ? ಐಯ್ಯೋ, ಗಿರಾಕಿ ನಿಂತವ್ರೆ ಸಾರ್!"

"ಬಂದೆ ಇರಮ್ಮ, ಕೇಸಿಗೆ ಬೇಕು," ಎನ್ನುತ್ತ ಜಟ್ಟಪ್ಪ ತಕ್ಕಡಿ ಹೊತ್ತು ಒಳಗೆ ಬಂದ. ಒಂದು ತಟ್ಟೆಯಲ್ಲಿ ಲಕೋಟೆ ಇಟ್ಟರು. ಇನ್ನೊಂದರಲ್ಲಿ ಇನ್ನೂರು, ನೂರು, ಐವತ್ತು. ಮುಳ್ಳು ನೆಟ್ಟಗೆ ನಿಂತಿತು.

"ಮುನ್ನೂರೈವತ್ತು," ಎಂದ ಜಟ್ಟಪ್ಪ. "ನಲವತ್ತು ಗ್ರಾಂ ಖೋತಾ."

ವೇದಾವತಿ ಅಂಟಿದ ಅಗುಳನ್ನು ಉಗುರಿನಿಂದ ಬಿಡಿಸಿ ಹಾಳೆಗಳನ್ನು ಹೊರಗೆಳೆದಳು. ಮೊದಲ ಹಾಳೆಯ 'ಶ್ರೀ' ಮೇಲೆ ಅರಿಶಿನ ಕುಂಕುಮ, ಒಣಗಿದ ಒಂದು ಸೇವಂತಿಗೆ ಎಸಳು. ಕೊನೆಯ ಹಾಳೆಗೆ ಹೋದಳು.

"ಅರವತ್ತಾರಕ್ಕೆ ನಿಂತಿದೆ. ಎಂಟು ಹಾಳೆ ಇಲ್ಲ."

"ಕ್ಲೈಮ್ಯಾಕ್ಸ್ ಮೇಡಂ," ಎಂದ ಭೀಮೇಶ. "ಅದರಲ್ಲೇ ಮೇಷ್ಟ್ರು ಹಸಿರು ಇಂಕಲ್ಲಿ ಬರೆದಿದ್ದು. ಅವರ ಸಹಿ ಇದ್ದಿದ್ದು."

"ಎಂಥ ಚಂದ!" ಧರ್ಮೇಂದ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡ. "ಬೇಕಾದ ಹಾಳೇನೇ ಮಾಯ. ಮೇಡಂ, ಸೀಲ್ ಒಡೆದ ಕವರಿಗೆ ಏನು ಬೆಲೆ? ನಿನ್ನೆ ರಾತ್ರಿ ಕೂತು ನನ್ನ ಕಥೆ ಕಾಪಿ ಮಾಡಿ ಒಳಗೆ ತುರುಕಿದಾನೆ ಅಂದ್ರೆ ಯಾರು ಇಲ್ಲ ಅಂತಾರೆ?"

"ಲೋ ಧರ್ಮೇಂದ್ರ, ನೀನು ಜನ್ಮದಲ್ಲಿ ಒಂದ್ಸಲ ಕ್ರೇನ್ ಹತ್ತಿದೀಯೇನೋ? ಹತ್ತಿದ್ರೆ ಹೇಳು, ಮೇಲೆ ಕೂತೋನಿಗೆ ಕೆಳಗಿನ ಮಾತು ಕೇಳುತ್ತಾ?"

"ಕೇಳಲ್ಲ. ಅದಕ್ಕೇ ಹೀರೋ ಕೈಸನ್ನೆ ನೋಡ್ಕೊಂಡು ಕೆಲಸ ಮಾಡ್ತಾನೆ. ಸೀನ್ ಒಂಬತ್ತು." ಧರ್ಮೇಂದ್ರ ಪಟ್ಟನೆ ಹೇಳಿ ಮತ್ತೆ ನಕ್ಕ.

ಭೀಮೇಶನಿಗೆ ಅಳು ಬಂತು, ಸಿಟ್ಟೂ ಬಂತು, ಯಾವುದೂ ಪೂರ್ತಿ ಬರಲಿಲ್ಲ. ತನ್ನ ಕಥೆಯ ಒಂಬತ್ತನೇ ಸೀನು ಆ ಬಾಯಲ್ಲಿ ಎಷ್ಟು ಸಲೀಸಾಗಿ ಆಡಿತು! ತಾನು ಕದ್ದಿಲ್ಲ, ತಾನು ಕೊಂದಿಲ್ಲ, ಎರಡೂ ತನ್ನ ಮನಸ್ಸಿಗೆ ಗೊತ್ತು. ಆದರೆ ಮನಸ್ಸಿಗೆ ಗೊತ್ತಿದ್ದದ್ದನ್ನು ಎಡಗಡೆಯೂ ಬರೆಯಲಾಗದು, ಬಲಗಡೆಯೂ ಬರೆಯಲಾಗದು. ಮೇಷ್ಟ್ರು ಕಲಿಸಿದ್ದೇ ಅದು.

ಆಗ ಅಡುಗೆಮನೆಯ ಬಾಗಿಲಿನಿಂದ ಮಾತು ಬಂತು.

"ಅವನನ್ನ ಬೈಬೇಡಿ ಕಣಮ್ಮ. ತೆಗೆದಿದ್ದು ನಾನು."

ಮಾಸ್ತಮ್ಮ. ಭೀಮೇಶನ ಅವ್ವ. ಅರವತ್ತೆಂಟು ವರ್ಷ, ಓದುಬರಹ ಇಲ್ಲ, ಬಿಪಿ ಮಾತ್ರೆಯನ್ನು ಬಣ್ಣ ನೋಡಿ ನುಂಗುವ ಜೀವ. ಪೊಲೀಸರು ಬಂದು ಹೋಗುತ್ತಿರುವುದು ಕಥೆ ಕಳ್ಳತನದ ಕೇಸಿಗೆ ಎಂದಷ್ಟೇ ಮಗ ಅವಳಿಗೆ ಹೇಳಿದ್ದ. ಸಾವಿನ ವಿಷಯ ಅವ್ವನ ಕಿವಿಗೆ ಬೀಳಕೂಡದೆಂದು ಅಕ್ಕಪಕ್ಕದವರ ಕೈಕಾಲು ಹಿಡಿದಿದ್ದ.

"ಅವ್ವಾ!"

"ಆಯುಧಪೂಜೆ ದಿವ್ಸ ಕಣಪ್ಪ. ಕತ್ತಿ, ಈಳಿಗೆಮಣೆ, ನಿನ್ನ ಸ್ಪ್ಯಾನರ್ ಎಲ್ಲದಕ್ಕೂ ಪೂಜೆ ಮಾಡಿದ್ದೆ. ಆದ್ರೆ ನೀನು ರಾತ್ರಿ ಹಗಲು ಕೂತು ಬರೆದ ಪುಸ್ತಕ? ಅದೂ ಆಯುಧನೇ ಅಲ್ವಾ? ಅದೊಂದಕ್ಕೆ ಕುಂಕುಮ ಇಲ್ದೆ ಟ್ರಂಕಲ್ಲಿ ಕೂಡಿ ಹಾಕೋದು ಸರೀನಾ ಅಂತ..."

ಭೀಮೇಶ ಟ್ರಂಕಿನ ಪಕ್ಕ ಕೂತ. ಯಾರನ್ನು ಬೈಯುವುದು? ಮಗನ ವಿದ್ಯೆಗೆ ಒಂದು ಬೊಟ್ಟು ಕುಂಕುಮ ಇಟ್ಟವಳನ್ನೇ?

ವೇದಾವತಿ ಮಾತ್ರ ತನ್ನ ನೋಟ್‌ಬುಕ್ಕು ತೆರೆದು ಹಾಳೆಯ ಮಧ್ಯಕ್ಕೆ ಒಂದು ಗೀಟು ಎಳೆದಳು. ಮೇಷ್ಟ್ರ ಕೋಣೆಯಲ್ಲಿ ಸಿಕ್ಕ ಪಾಠದ ಟಿಪ್ಪಣಿ ಓದಿದಾಗಿನಿಂದ ಅವಳಿಗೆ ಇದೊಂದು ಅಭ್ಯಾಸವಾಗಿತ್ತು.

"ಅಜ್ಜಿ, ಬನ್ನಿ ಕೂತ್ಕೊಳ್ಳಿ. ನೀವು ಕಣ್ಣಲ್ಲಿ ಕಂಡಿದ್ದು, ಕಿವೀಲಿ ಕೇಳಿದ್ದು ಅಷ್ಟೇ ಹೇಳಿ. ಇದು ಆಯುಧ, ಪೂಜೆ ಆಗ್ಬೇಕು ಅಂತ ನಿಮಗೇ ಹೊಳೀತಾ? ಇಲ್ಲ ಯಾರಾದ್ರೂ ಹೇಳಿದ್ರಾ?"

ಮಾಸ್ತಮ್ಮ ಸೆರಗಿನ ತುದಿ ತಿರುವಿದಳು. ಮಗನ ಕಡೆ ನೋಡಿದಳು.

"ಮೇಷ್ಟ್ರು ಹೇಳಿದ್ರು."

"ಯಾವ ಮೇಷ್ಟ್ರು?"

"ಇವನಿಗೆ ಕಥೆ ಕಲಿಸೋ ಮೇಷ್ಟ್ರು. ಅವತ್ತು ಬಂದಿದ್ರು."

ಜಟ್ಟಪ್ಪನ ಕೈಯಿಂದ ಐವತ್ತು ಗ್ರಾಮಿನ ಬಟ್ಟು ಜಾರಿ ನೆಲಕ್ಕೆ ಬಿದ್ದು ಉರುಳಿತು.

"ಆಯುಧಪೂಜೆ ದಿನ? ಸರಿಯಾಗಿ ನೆನಪು ಮಾಡ್ಕೊಳ್ಳಿ ಅಜ್ಜಿ. ಅದರ ಹಿಂದಿನ ದಿನ ಅಲ್ವಲ್ಲ?"

"ನಂಗೇನು ಅರಳು ಮರಳಾ? ಬಾಗಿಲಿಗೆ ತೋರಣ ಕಟ್ತಾ ಇದ್ದೆ. ಇವನು ಬೆಳಿಗ್ಗೇನೇ ಕಾರ್ಖಾನೆಗೆ ಹೋಗಿದ್ದ."

"ಸಾಧ್ಯನೇ ಇಲ್ಲ!"

ಕೂಗಿದ್ದು ಧರ್ಮೇಂದ್ರ. ಕಾಲ ಮೇಲಿನ ಕಾಲು ಕೆಳಗಿಳಿದಿತ್ತು.

ವೇದಾವತಿ ನಿಧಾನವಾಗಿ ಅವನ ಕಡೆ ತಿರುಗಿದಳು. "ಯಾಕೆ ಸಾಧ್ಯ ಇಲ್ಲ?"

"ಅಲ್ಲ... ಅಂದ್ರೆ... ಹಿಂದಿನ ರಾತ್ರಿನೇ ಸತ್ತು ಹೋಗಿದ್ರಲ್ಲ."

"ಯಾವಾಗ ಸತ್ರು ಅಂತ ಡಾಕ್ಟರಿಗೇ ಗೊತ್ತಿಲ್ಲ. ನಿಮಗೆ ಹೇಗೆ ಗೊತ್ತು?"

ಧರ್ಮೇಂದ್ರ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ವೇದಾವತಿ ಬ್ಯಾಗಿನಿಂದ ಒಂದು ಫೋಟೋ ತೆಗೆದಳು. ಮೊದಲ ವರ್ಷದ ತರಗತಿ ಮುಗಿದಾಗ ತೆಗೆಸಿದ್ದು, ಹನ್ನೊಂದು ಶಿಷ್ಯರು, ನಡುವೆ ಕುರ್ಚಿಯಲ್ಲಿ ಮೇಷ್ಟ್ರು.

"ನೋಡಿ ಅಜ್ಜಿ. ಅವತ್ತು ಬಂದೋರು ಇದರಲ್ಲಿದಾರಾ? ಇಲ್ಲಿ ಕೂತಿದಾರಲ್ಲ, ಇವರಾ?"

ಮಾಸ್ತಮ್ಮ ಧರ್ಮೇಂದ್ರನನ್ನು ಮೇಲಿಂದ ಕೆಳಗೆ ನೋಡಿದಳು. "ಛೆ, ಈ ಹುಡುಗ ಅಲ್ಲ." ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳನ್ನು ನೇರ ನಡುವಿನ ಕುರ್ಚಿಯ ಮೇಲಿಟ್ಟಳು. "ಇವರೇ. ಕನ್ನಡಕದ ಕಡ್ಡಿಗೆ ದಾರ ಸುತ್ಕೊಂಡಿದ್ರು."

ದಾರ! ಕೊರಳಪಟ್ಟಿ ಹಿಡಿದು ಎಳೆದಾಡಿದಾಗ ಮೇಷ್ಟ್ರ ಕನ್ನಡಕ ಬಿದ್ದು ಕಡ್ಡಿ ಮುರಿದಿದ್ದು ಆ ಸಂಜೆ ಐದೂವರೆಗೆ. ದಾರ ಸುತ್ತಿದ್ದರೆ ಅದರ ಮೇಲೆಯೇ ಸುತ್ತಿರಬೇಕು. ಅವ್ವನಿಗೆ ಇದು ಕಟ್ಟಿ ಹೇಳಲು ಬರುವ ವಿಷಯವಲ್ಲ.

ಭೀಮೇಶ ಎದ್ದು ನಿಂತ. ಆರು ದಿನದಲ್ಲಿ ಮೊದಲ ಸಲ ಅವನ ಎದೆಯೊಳಗೆ ಏನೋ ಸಡಿಲವಾಯಿತು. "ಮೇಡಂ! ಹಾಗಾದ್ರೆ ಆ ರಾತ್ರಿ ಅವರು ಸತ್ತಿಲ್ಲ. ಮಾರನೇ ದಿನ ಬದುಕಿದ್ರು. ಮಾರನೇ ದಿನ ನಾನು ಬೆಳಿಗ್ಗೆ ಏಳರಿಂದ ಕಾರ್ಖಾನೇಲಿ. ಕ್ರೇನ್ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು... ನಲವತ್ತು ಜನ ಇದ್ರು ಮೇಡಂ. ಯಾರನ್ನ ಬೇಕಾದ್ರೂ ಕೇಳಿ!"

"ಕೇಳ್ತೀನಿ," ಎಂದಳು ವೇದಾವತಿ. ಅವಳ ಮುಖವೂ ಒಂದಿಷ್ಟು ಮೆದುವಾಗಿತ್ತು. "ಅಜ್ಜಿ, ಮುಂದೆ ಹೇಳಿ. ಅವರು ಬಂದು ಏನಂದ್ರು?"

"ನಿಮ್ಮ ಮಗ ಬರೆದ ಪುಸ್ತಕಕ್ಕೆ ಪೂಜೆ ಆಯ್ತಾ ತಾಯಿ ಅಂದ್ರು. ಇಲ್ಲ, ಮುಟ್ಬೇಡ ಅಂದಿದಾನೆ ಅಂದೆ. ನಾನೇ ಗುರು, ನಾನೇ ಹೇಳ್ತಿದೀನಿ ತೆಗೀರಿ ಅಂದ್ರು. ನಾನು ಚಾಕು ತಂದೆ. ಅರಗು ಒಡೆದಿದ್ದು ಅವರೇ. ನಾನು ಕುಂಕುಮ ಇಟ್ಟೆ. ಅವರು ಕುರ್ಚೀಲಿ ಕೂತು ಹಿಂದಿನ ಹಾಳೆ ಓದ್ತಾ ಇದ್ರು. ಓದ್ತಾ ಕಣ್ಣಲ್ಲಿ ನೀರು ಹಾಕ್ಕೊಂಡ್ರು ಕಣಮ್ಮ, ಅಷ್ಟು ದೊಡ್ಡ ಮನುಷ್ಯ."

ಪ್ರಾಣ ಹೋದರೂ ಒಡೆಯಬೇಡಿ ಎಂದವರೇ ಒಡೆದರು! ಭೀಮೇಶ ಲಕೋಟೆಯ ಒಡೆದ ಅರಗನ್ನು ಮುಟ್ಟಿ ನೋಡಿದ. ಒಂದೂವರೆ ವರ್ಷ ಪಾದ ಮುಟ್ಟಿ ನಮಸ್ಕಾರ ಮಾಡಿದ್ದ. ಅದೇ ಮನುಷ್ಯ ಓದುಬಾರದ ಅವ್ವನನ್ನು ಕೂರಿಸಿಕೊಂಡು, ಹಬ್ಬದ ದಿನ, ಅವನ ಒಂದೇ ಸಾಕ್ಷಿಯನ್ನು ಅವಳ ಚಾಕುವಿನಿಂದಲೇ ಹಾಳು ಮಾಡಿದ್ದ. ಮತ್ತೆ ಅತ್ತಿದ್ದು ಯಾಕೆ?

"ಇದನ್ನ ನಂಗೆ ಯಾಕೆ ಹೇಳ್ಲಿಲ್ಲ ಅವ್ವ?"

"ನಾನು ಬಂದಿದ್ದು ಹೇಳ್ಬೇಡಿ, ನಾನೇ ಅವನ ಹತ್ರ ಮಾತಾಡ್ತೀನಿ ಅಂದ್ರು. ಗುರುಗಳ ಮಾತು ಮೀರೋಕ್ಕಾಗುತ್ತಾ?" ಮಾಸ್ತಮ್ಮ ಸ್ವಲ್ಪ ತಡೆದು, ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. "ಇವರು ಏನೋ ಸತ್ತು ಹೋದ್ರು ಅಂದ್ರಲ್ಲ. ಯಾರು ಸತ್ತಿದ್ದು ಮಗ?"

ಹೊರಗೆ ಗಾಡಿಯವಳು ತಕ್ಕಡಿ ಕೇಳುತ್ತಿದ್ದಳು.

"ಮೇಷ್ಟ್ರು, ಅವ್ವ." ಭೀಮೇಶ ಅವಳ ಕೈ ಹಿಡಿದುಕೊಂಡ. "ಮೇಷ್ಟ್ರು ಹೋಗ್ಬಿಟ್ರು."

"ಅಯ್ಯೋ ಶಿವನೇ!" ಮಾಸ್ತಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕಣ್ಣಿಂದ ನೀರು ದಳದಳ ಸುರಿಯಿತು. "ಅಂಥಾ ಒಳ್ಳೇ ಮನುಷ್ಯ. ನನ್ನ ಕೈಯಿಂದ ಒಂದು ಕಡುಬು ತಿಂದ್ರು. ಹೋಗೇಬಿಟ್ರಾ? ಅದಕ್ಕೇ ಅವರು ಮತ್ತೆ ಚಪ್ಪಲಿ ತಗೊಳ್ಳೋಕೆ ಬರ್ಲಿಲ್ವಾ?"

ವೇದಾವತಿಯ ಪೆನ್ನು ನಿಂತಿತು.

"ಯಾವ ಚಪ್ಪಲಿ ಅಜ್ಜಿ?"

"ಇಲ್ಲೇ ಬಿಟ್ಟು ಹೋಗಿದ್ರಲ್ಲ. ಗುರುಗಳ ಚಪ್ಪಲಿ, ನಾಯಿ ಪಾಯಿ ಎಳ್ಕೊಂಡು ಹೋಗ್ಬಾರ್ದು ಅಂತ ಒರೆಸಿ ಎತ್ತಿಟ್ಟಿದೀನಿ."

ಅವಳು ಎದ್ದು, ಮಂಡಿ ಹಿಡಿದುಕೊಂಡು ಬಗ್ಗಿ, ಮಂಚದ ಕೆಳಗಿನಿಂದ ಒಂದು ಗಂಟು ಎಳೆದಳು. ಹಳೆಯ ಟವೆಲು. ಬಿಚ್ಚಿದಳು. ಕಂದು ಬಣ್ಣದ ಚರ್ಮದ ಚಪ್ಪಲಿ, ಎಡಗಾಲಿನ ಹೆಬ್ಬೆರಳ ಪಟ್ಟಿಗೆ ಕಪ್ಪು ದಾರದ ಹೊಲಿಗೆ. ದುರ್ಗಿಗುಡಿಯ ಮಹಡಿ ಮೆಟ್ಟಿಲಿನಲ್ಲಿ ಪ್ರತಿ ಭಾನುವಾರ ಹನ್ನೊಂದು ಜೊತೆಗಳ ಪಕ್ಕ ಕಾಣುತ್ತಿದ್ದ ಹನ್ನೆರಡನೇ ಜೊತೆ.

ಜಟ್ಟಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ಎರಡು ದಿನ ಜಾಲಿಮುಳ್ಳಿನ ಮಧ್ಯೆ ಹುಡುಕಿದ್ದು ಇಲ್ಲಿ ಮಂಚದ ಕೆಳಗೆ, ಟವೆಲಿನಲ್ಲಿ ಬೆಚ್ಚಗೆ ಮಲಗಿತ್ತು.

ಧರ್ಮೇಂದ್ರ ಈಗ ನಗಲಿಲ್ಲ. ಕುರ್ಚಿಗೆ ಒರಗಿ ಕೂತ. ಬಹಳ ಹೊತ್ತಿನ ಮೇಲೆ ನೆಮ್ಮದಿಯಾಗಿ ಒರಗಿದವನ ಹಾಗೆ ಕೂತ.

"ಅಜ್ಜಿ," ವೇದಾವತಿಯ ದನಿ ಇನ್ನೂ ಸಣ್ಣದಾಯಿತು. "ಮೇಷ್ಟ್ರು ಚಪ್ಪಲಿ ಬಿಟ್ಟು ಹೇಗೆ ಹೋದ್ರು? ಅವರು ಹೋಗಿದ್ದನ್ನ ನೀವು ನೋಡಿದ್ರಾ?"

"ಇಲ್ಲ ಕಣಮ್ಮ. ವರ್ಷಕ್ಕೆ ಅದೊಂದೇ ದಿವ್ಸ ಅಲ್ವಾ ಮನೆಯೋರನ್ನ ಕಾರ್ಖಾನೆ ಒಳಗೆ ಬಿಡೋದು? ಹನ್ನೆರಡರ ಸೈರನ್ ಆಗ್ತಿದ್ದ ಹಾಗೆ ಅಕ್ಕಪಕ್ಕದೋರೆಲ್ಲ ಹೊರಟ್ರು. ನಾನು ಹೋಗಿ ಪೂಜೆ ನೋಡ್ಕೊಂಡು ಬರ್ತೀನಿ ಅಂದೆ. ಹೋಗ್ಬನ್ನಿ ತಾಯಿ, ನಾನು ಇಲ್ಲೇ ಕೂತು ಓದ್ತಿರ್ತೀನಿ ಅಂದ್ರು. ಬಾಗಿಲು ಮುಂದಕ್ಕೆ ಎಳ್ಕೊಂಡು ಹೋದೆ, ಚಿಲಕ ಹಾಕ್ಲಿಲ್ಲ. ಬಂದು ನೋಡಿದ್ರೆ ಹೊರಗಿನ ಚಿಲಕ ಹಾಕಿತ್ತು. ಒಳಗೆ ಅವರಿರ್ಲಿಲ್ಲ. ಪುಸ್ತಕ ಕುರ್ಚಿ ಮೇಲಿತ್ತು, ಕವರಿಗೆ ಹಾಕಿ ಅನ್ನದ ಅಗುಳು ಹಚ್ಚಿ ಟ್ರಂಕಲ್ಲಿಟ್ಟೆ. ಚಪ್ಪಲಿ ಹೊಸ್ತಿಲ ಪಕ್ಕದಲ್ಲೇ ಇತ್ತು."

"ಅಂದ್ರೆ ಹನ್ನೆರಡರಿಂದ, ನೀವು ವಾಪಸ್ ಬರೋ ತನಕ, ಈ ಮನೇಲಿ ಅವರೊಬ್ರೇ."

"ಹೂಂ."

ವೇದಾವತಿ ಭೀಮೇಶನ ಕಡೆ ತಿರುಗಿದಳು. "ನೀವು ಏಳರಿಂದ ಸಂಜೆ ತನಕ ಕಾರ್ಖಾನೆ ಬಿಟ್ಟು ಹೊರಗೆ ಬಂದಿಲ್ಲ. ನಲವತ್ತು ಜನ ಸಾಕ್ಷಿ. ಅಲ್ವಾ ಭೀಮೇಶ್?"

ಹೌದು ಎನ್ನಲು ಭೀಮೇಶ ಬಾಯಿ ತೆರೆದ. ಆ ಹೊತ್ತಿಗೆ ನೆನಪಾಯಿತು.

ಅವತ್ತು ಮಧ್ಯಾಹ್ನ ಕ್ರೇನಿನ ಎದುರಿಗೆ ಎಲ್ಲ ಜೋಡಿಸಿಟ್ಟು ನೋಡಿದರೆ ಕುಂಬಳಕಾಯಿ ಇರಲಿಲ್ಲ. ಅವ್ವ ತರಬೇಕಿತ್ತು, ಮರೆತು ಬಂದಿದ್ದಳು. ಮರೆತದ್ದು ಯಾಕೆಂದು ಈಗ ಗೊತ್ತಾಗುತ್ತಿದೆ. ಅವತ್ತು ಗೊತ್ತಿರಲಿಲ್ಲ. ಸೈಕಲ್ ತುಳಿದುಕೊಂಡು ಮನೆಗೆ ಬಂದ. ಹೊರಗಿನ ಚಿಲಕ ಹಾಕಿತ್ತು. ಕುಂಬಳಕಾಯಿ ಜಗಲಿ ಕಟ್ಟೆಯ ಮೇಲಿತ್ತು. ಎತ್ತಿಕೊಂಡು, ಕ್ಯಾರಿಯರಿಗೆ ಕಟ್ಟಿ, ಹಾಗೇ ತಿರುಗಿದ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ, ಕ್ವಾರ್ಟರ್ಸಿಗೆ ಕ್ವಾರ್ಟರ್ಸೇ ಕಾರ್ಖಾನೆ ನೋಡಲು ಹೋಗಿತ್ತು. ಹೊಸ್ತಿಲ ಪಕ್ಕ ಚಪ್ಪಲಿ ಇತ್ತೇ? ನಲವತ್ತು ಅಡಿ ಮೇಲಿಂದ ಬೋಲ್ಟು ಬಿದ್ದಿದ್ದನ್ನೂ ಗುರುತಿಸುವ ಕಣ್ಣು, ಅವತ್ತು ತನ್ನ ಕಾಲ ಬುಡ ನೋಡಿರಲಿಲ್ಲ.

ಹೇಳಲೇ? ಹೇಳದಿದ್ದರೆ ಸುಳ್ಳಾಗುತ್ತದೆ. ಹೇಳಿದರೆ ಯಾರು ನಂಬುತ್ತಾರೆ?

"ಭೀಮೇಶ್, ನಿಮ್ಮನ್ನೇ ಕೇಳ್ತಿರೋದು."

ಅವನು ಅವ್ವನ ಕಡೆ ನೋಡಿದ. ಬೇಡ ಅವ್ವ ಎನ್ನುವ ಹಾಗೆ ನೋಡಿದ. ಮಾಸ್ತಮ್ಮನಿಗೆ ಮಗನ ಕಣ್ಣಿನಲ್ಲಿ ಕಂಡಿದ್ದು ಗಾಬರಿ ಅಷ್ಟೇ. ಪಾಪ, ಹುಡುಗ ಹೆದರಿಕೊಂಡಿದ್ದಾನೆ, ನಾನಾದರೂ ಇದ್ದದ್ದು ಇದ್ದ ಹಾಗೆ ಹೇಳಿ ಕಾಪಾಡಬೇಕು ಎಂದುಕೊಂಡಳು ಆ ತಾಯಿ. ಕಣ್ಣೊರೆಸಿಕೊಂಡು, ಅವನ ಬೆನ್ನ ಮೇಲೆ ಕೈಯಿಟ್ಟಳು.

"ಮರೆತ್ಯಾ ಮಗ? ಕುಂಬಳಕಾಯಿ ತರೋಕೆ ನೀನೇ ಮನೆಗೆ ಬಂದಿದ್ಯಲ್ಲೋ. ನೀನೂ ಮೇಷ್ಟ್ರೂ ಕೂತು ಎಲ್ಲಾ ಮಾತಾಡ್ಕೊಂಡಿರ್ತೀರ ಅಂತ ನಾನು ಸುಮ್ನಿದ್ದೆ. ಅವತ್ತು ನೀನೇ ಅಲ್ವಾ ಅವರನ್ನ ಕೊನೇಗೆ ನೋಡಿದ್ದು?"

ವೇದಾವತಿ ಅದನ್ನು ಬಲಗಡೆ ಬರೆದುಕೊಂಡಳು.

ಜಟ್ಟಪ್ಪ ತಕ್ಕಡಿ ಕೆಳಗಿಟ್ಟು ಎದ್ದು ಹೋಗಿ, ಮುಂಬಾಗಿಲಿನ ಚಿಲಕ ಹಾಕಿದ.